ಮಂಡಿ ಬಗ್ಗಿಸಿ ಅಳತೆ ತಗೊಳ್ಳಿ: ಒಂಟಿಚಕ್ರ ಓಡಿಸೋರ ಕಾಲಿನ ಪ್ಯಾಡ್ ಬಗ್ಗೆ

ಪ್ಯಾಡ್ ಮೇಲೆ ಒಂದು ಗೀರೂ ಇರಲಿಲ್ಲ. ತಗೊಂಡಾಗ ಹೇಗಿತ್ತೋ ಹಾಗೇ ಇತ್ತು, ಆದ್ರೆ ಇರಬೇಕಾದ ಜಾಗದಲ್ಲಿ ಮಾತ್ರ ಇರಲಿಲ್ಲ, ಎಲಾಸ್ಟಿಕ್ ಹೋದ ಕಾಲ್ಚೀಲದ ಥರ ಜಾರಿಕೊಂಡು ಹರಡಿನ ಹತ್ರ ಬಂದು ಕೂತಿತ್ತು, ಅಲ್ಲಿಂದ ಒಂದು ಗೇಣು ಮೇಲೆ ಹುಡುಗನ ಕಣಕಾಲಿನ ಮೇಲೆ ಸಾಲಾಗಿ ನಾಲ್ಕು ತೂತು, ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಒಂದೇ ಅಂತರದಲ್ಲಿ. "ಹಾಕ್ಕೊಂಡಿದ್ನ್ರೀ ಕಾಕಾ, ಖರೇನ" ಅಂತ ಅವನು ಹೇಳ್ತಾನೇ ಇದ್ದ. ನಾನು ಬೈತೀನಿ ಅಂದ್ಕೊಂಡಿದ್ದನೇನೋ. ಬೈಸ್ಕೋಬೇಕಾದವನು ನಾನು, ಯಾಕಂದ್ರೆ ಆ ಪ್ಯಾಡ್ ಕೊಡಿಸಿದ್ದೇ ನಾನು, ಅವನ ವಯಸ್ಸು ನೋಡಿ ಎಂ ಸೈಜ್ ಆಗತ್ತೆ ಅಂತ ಅಂದಾಜಲ್ಲಿ.

ಪುಣೆಯ ಕೊಂಢವಾದಲ್ಲಿ ನಮ್ಮ ಬಿಲ್ಡಿಂಗಲ್ಲಿ ಇರೋದು ಎರಡೇ ಕನ್ನಡದ ಮನೆ, ಹುಡುಗನ ಮನೆಯವರು ವಿಜಯಪುರದವರು ನಾವು ಶಿವಮೊಗ್ಗ ಕಡೆಯವರು. ಹುಡುಗನಿಗೆ 13 ವರ್ಷ, ನನ್ನ ಹಳೇ ಒಂಟಿಚಕ್ರದ ಸೈಕಲ್ ಹತ್ತಿ ಹತ್ತಿ ಈಗ ನನಗಿಂತ ಚೆನ್ನಾಗಿ ಓಡಿಸ್ತಾನೆ, ಭಾನುವಾರ ಬಂತಂದ್ರೆ ಇಬ್ಬರೂ ಬೋಪದೇವ ಘಾಟ್ ಕಡೆ ಕಚ್ಚಾ ದಾರಿಗೆ ಹೋಗ್ತೀವಿ. ರಸ್ತೆ ಬಿಟ್ಟು ಗುಡ್ಡ ಹತ್ತೋ ದಪ್ಪ ಟೈರಿನ ಈ ಯೂನಿಸೈಕಲ್‌ಗೆ ಆ ಆಟದವರು ಇಟ್ಕೊಂಡಿರೋ ಹೆಸರು ಮುನಿ, ಮೌಂಟನ್ ಯೂನಿಸೈಕಲ್ ಅನ್ನೋದರ ಚುಟುಕು ರೂಪ, ನಮ್ಮ ಭಾಷೇಲಿ ಕೇಳೋಕೆ ಎಷ್ಟು ಚಂದ ಅಲ್ವಾ. ಕೆನಡಾದ ಕ್ರಿಸ್ ಹೋಮ್ ಥರದವರು ಅದರಲ್ಲಿ ಬೆಟ್ಟಗಳನ್ನೇ ಇಳಿದು ತೋರಿಸಿದ್ದಾರೆ.

ಪುಣೆ ಸುತ್ತಲಿನ ಗುಡ್ಡ ಎಲ್ಲ ಡೆಕ್ಕನ್ ಟ್ರ್ಯಾಪ್‌ನ ಕರಿಕಲ್ಲು, ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಪದರ ಪದರವಾಗಿ ಹರಿದು ಗಟ್ಟಿಯಾದದ್ದು, ಅದು ಮಳೆ ಬಿಸಿಲಿಗೆ ಸವೆದು ಪುಡಿಯಾಗಿ ಇಲ್ಲಿಯವರು ಮುರುಮು ಅನ್ನೋ ಗರಸು ಆಗತ್ತೆ. ಗಟ್ಟಿ ಕಲ್ಲಿನ ಮೇಲೆ ಆ ಮುರುಮು ತೆಳ್ಳಗೆ ಹರಡಿತ್ತು ಅಂದ್ರೆ ಸಿಮೆಂಟ್ ನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ, ಚಕ್ರ ಯಾವಾಗ ಜಾರತ್ತೆ ಗೊತ್ತಾಗಲ್ಲ. ಆದ್ರೂ ನೆಲಕ್ಕಿಂತ ಜಾಸ್ತಿ ಗಾಯ ಮಾಡೋದು ಪೆಡಲ್ಲೇ. ಮಾಮೂಲಿ ಸೈಕಲಲ್ಲಿ ಫ್ರೀವೀಲ್ ಇರತ್ತೆ, ಕಾಲು ನಿಲ್ಲಿಸಿದ್ರೂ ಚಕ್ರ ಅದರ ಪಾಡಿಗೆ ಓಡತ್ತೆ. ಇದರಲ್ಲಿ ಕ್ರ್ಯಾಂಕು, ಅಂದ್ರೆ ಪೆಡಲ್ ಕೂಡಿಸಿರೋ ಲೋಹದ ತೋಳು, ನೇರವಾಗಿ ಚಕ್ರದ ನಡುವಿನ ಗುಂಬಕ್ಕೇ (ಹಬ್) ಸೇರಿರತ್ತೆ, ಚಕ್ರ ತಿರುಗಿದಷ್ಟೂ ಪೆಡಲ್ ತಿರುಗಲೇಬೇಕು, ಹಾಗಾಗಿ ಕಾಲು ಜಾರಿದ್ರೂ ಪೆಡಲ್ ನಿಲ್ಲಲ್ಲ, ಸುತ್ತು ಹಾಕ್ಕೊಂಡು ಬಂದು ಕಣಕಾಲಿಗೋ ಹಿಂದ್ಗಡೆ ಮೀನಖಂಡಕ್ಕೋ ಬಡಿಯತ್ತೆ. ಪೆಡಲಿನ ವೇಗ ದೊಡ್ಡದೇನಲ್ಲ, ಆದ್ರೆ ನಮ್ಮ ಮೈತೂಕನೂ ಅದೇ ಹೊತ್ತಿಗೆ ಅದರ ಮೇಲೆ ಬೀಳ್ತಿರತ್ತಲ್ಲ, ಅದೇ ಕಷ್ಟ. ಶೂ ಹಿಡಿತಕ್ಕೆ ಅಂತ ಪೆಡಲ್ ತುಂಬ ಕಬ್ಬಿಣದ ಪಿನ್ನುಗಳು ಬೇರೆ.

ಕಣಕಾಲಿಗೆ ಯಾಕೆ ಅಷ್ಟು ನೋವು ಅಂದ್ರೆ ಅಲ್ಲಿ ಮೂಳೆಗೂ ಹೊರಗಿನ ಪ್ರಪಂಚಕ್ಕೂ ಮಧ್ಯೆ ಏನೂ ಇಲ್ಲ. ಮಂಡಿಯಿಂದ ಕೆಳಗೆ ಕೈ ಸವರಿ ನೋಡಿ, ಒಳಮಗ್ಗುಲಲ್ಲಿ ಟಿಬಿಯಾ ಮೂಳೆ ಉದ್ದಕ್ಕೂ ಬೆರಳಿಗೆ ಸಿಗತ್ತೆ, ಮಾಂಸಖಂಡದ ಮೆತ್ತೆ ಇಲ್ಲವೇ ಇಲ್ಲ, ಬರೀ ತೆಳು ಚರ್ಮ. ಮೂಳೆಯನ್ನ ಸುತ್ತಿರೋ ಪೊರೆ ಇದೆಯಲ್ಲ, ಅದರಲ್ಲಿ ನೋವಿನ ನರಗಳು ಕಿಕ್ಕಿರಿದು ತುಂಬಿವೆ, ಮಂಚದ ಕಾಲಿಗೆ ತಾಗಿಸ್ಕೊಂಡವರಿಗೆಲ್ಲ ಇದು ಗೊತ್ತು. ಗಾಯ ಮಾಯೋದೂ ನಿಧಾನ.

ಈಗ ಪ್ಯಾಡ್ ಏನು ಮಾಡತ್ತೆ ನೋಡೋಣ. ಎರಡು ಕೆಲಸ ಇದೆ, ಎರಡೂ ಬೇರೆ ಬೇರೆ, ಇದನ್ನ ಗೊಂದಲ ಮಾಡ್ಕೊಂಡೇ ಜನ ತಪ್ಪು ಪ್ಯಾಡ್ ತಗೋತಾರೆ. ಒಂದು, ಚುಚ್ಚೋದನ್ನ ಹರಡೋದು. 4 ಮಿಲಿಮೀಟರ್ ದಪ್ಪದ ಪಿನ್ನಿನ ತುದಿ ಅಂದ್ರೆ ಒಂದು ಚದರ ಸೆಂಟಿಮೀಟರಿನ ಎಂಟರಲ್ಲಿ ಒಂದು ಪಾಲು, ಅಷ್ಟು ಜಾಗದಲ್ಲಿ ಬಿದ್ದ ಭಾರವನ್ನ ಗಟ್ಟಿ ಪ್ಲಾಸ್ಟಿಕ್ ಚಿಪ್ಪು 50 ಚದರ ಸೆಂಟಿಮೀಟರಿಗೆ ಹರಡಿತು ಅಂದ್ರೆ ಒತ್ತಡ 400 ಪಟ್ಟು ಕಮ್ಮಿ ಆಯ್ತು. ಬಲ ಅದೇ, ಆದ್ರೆ ಮೊಳೆ ಹೋಗಿ ಅಂಗೈ ಆಯ್ತು. ಎರಡನೇದು ಏಟನ್ನ ನಿಧಾನ ಮಾಡೋದು. ಇದಕ್ಕೊಂದು ಸುಲಭದ ಲೆಕ್ಕ ಇದೆ: ಎಷ್ಟು ಎತ್ತರದಿಂದ ಬಿದ್ರಿ ಅನ್ನೋದನ್ನ ಎಷ್ಟು ದೂರದಲ್ಲಿ ನಿಂತ್ರಿ ಅನ್ನೋದರಿಂದ ಭಾಗಿಸಿ, ಬರೋ ಉತ್ತರ ಗುರುತ್ವಕ್ಕಿಂತ ಸರಾಸರಿ ಎಷ್ಟು ಪಟ್ಟು ಹೊಡೆತ ಬಿತ್ತು ಅನ್ನೋದು. ಮಂಡಿ 50 ಸೆಂಟಿಮೀಟರ್ ಮೇಲಿಂದ ಕಲ್ಲಿಗೆ ಬಿದ್ದು ಅರ್ಧ ಸೆಂಟಿಮೀಟರಲ್ಲಿ ನಿಂತಿತು ಅಂದ್ರೆ 100 ಪಟ್ಟು, ಅದೇ ಫೋಮ್ ಕುಗ್ಗಿ ಎಲ್ಲ ಸೇರಿ 2 ಸೆಂಟಿಮೀಟರಲ್ಲಿ ನಿಂತ್ರೆ 25 ಪಟ್ಟು. ಕ್ಯಾಚ್ ಹಿಡಿಯುವಾಗ ಕೈ ಹಿಂದಕ್ಕೆ ಎಳ್ಕೋತೀವಲ್ಲ, ಅದೇ ವಿದ್ಯೆ ಇದು. ಹಾಗಾಗಿ ಕಣಕಾಲಿಗೆ ಮೇಲೆ ಗಟ್ಟಿ ಚಿಪ್ಪು ಬೇಕು, ಮಂಡಿಗೆ ಒಳಗಡೆ ಕುಗ್ಗೋ ಮೆತ್ತೆ ಬೇಕು, ಎರಡೂ ಇದ್ರೆ ಇನ್ನೂ ಒಳ್ಳೇದು.

ಮುಟ್ಟಿದ್ರೆ ಮೆತ್ತಗಿದ್ದು ಏಟು ಬಿದ್ದಾಗ ಗಟ್ಟಿಯಾಗೋ ಪ್ಯಾಡುಗಳೂ ಬಂದಿವೆ. ಕಾರ್ನ್‌ಫ್ಲೋರನ್ನ ನೀರಲ್ಲಿ ಗಟ್ಟಿಯಾಗಿ ಕಲಸಿ ನೋಡಿ, ಬೆರಳು ನಿಧಾನ ಇಟ್ರೆ ಮುಳುಗತ್ತೆ, ಗುದ್ದಿದ್ರೆ ಕಲ್ಲು, ಅದರ ದೂರದ ನೆಂಟ ಅಂತ ಇಟ್ಕೊಳ್ಳಿ. ಬ್ರಿಟನ್ನಿನ ರಿಚರ್ಡ್ ಪಾಮರ್ 1999ರಲ್ಲಿ ಶುರು ಮಾಡಿದ ಡಿ3ಒ ಈ ಜಾತಿಯಲ್ಲಿ ಹೆಸರಾದದ್ದು. ಪೆಡಲ್ ತುಳಿಯುವಾಗ ಕಾಲಿನ ಜೊತೆ ಬಾಗೋದರಿಂದ ಮಂಡಿಗೆ ಇದು ಬಹಳ ಚೆನ್ನ. ಕಣಕಾಲಿಗೆ ಮಾತ್ರ ನನಗೆ ಇವತ್ತಿಗೂ ಗಟ್ಟಿ ಚಿಪ್ಪಿನ ಮೇಲೇ ನಂಬಿಕೆ.

ಲೇಬಲ್ ಮೇಲೆ ಇಎನ್ 1621-1 ಅಂತ ಇದ್ಯಾ ನೋಡಿ, ಅದು ಬೈಕ್ ಸವಾರರ ಕೈಕಾಲಿನ ರಕ್ಷಾಕವಚಕ್ಕೆ ಯುರೋಪಿನವರು ಮಾಡಿರೋ ಮಾನದಂಡ. 50 ಜೂಲ್ ಏಟು, ಅಂದ್ರೆ 5 ಕಿಲೋ ತೂಕ ಹೆಚ್ಚುಕಮ್ಮಿ ಒಂದು ಮೀಟರ್ ಮೇಲಿಂದ ಬಿದ್ದಷ್ಟು ಏಟು ಹಾಕಿ ಆ ಕಡೆಗೆ ಎಷ್ಟು ಬಲ ದಾಟತ್ತೆ ಅಂತ ಅಳೀತಾರೆ, ಸರಾಸರಿ 35 ಕಿಲೋನ್ಯೂಟನ್ ಒಳಗಿದ್ರೆ ಲೆವೆಲ್ 1, 20ರ ಒಳಗಿದ್ರೆ ಲೆವೆಲ್ 2. ಒಳ್ಳೇ ಟೆಸ್ಟೇ, ಆದ್ರೆ ಅದು ಮೊಂಡು ಏಟಿನ ಲೆಕ್ಕ, ಪಿನ್ನಿನ ಲೆಕ್ಕ ಅಲ್ಲ. ಮತ್ತೆ ಪ್ಯಾಡ್ ಜಾಗದಲ್ಲಿ ಇದ್ದಾಗಿನ ಲೆಕ್ಕ.

ಅಲ್ಲೇ ಇರೋದು ವಿಷಯ. ಅವನ 24 ಇಂಚಿನ ಚಕ್ರಕ್ಕೆ ದಪ್ಪ ಟೈರ್ ಸೇರಿ ಒಂದು ಸುತ್ತಿಗೆ ಹತ್ರ ಹತ್ರ 2 ಮೀಟರ್. ಬರೀ 5 ಕಿಲೋಮೀಟರ್ ಹೋದ್ರೂ 2500 ಸುತ್ತು, ಒಂದೊಂದು ಮಂಡಿ 2500 ಸಲ ಮಡಚಿ ಬಿಡಿಸಬೇಕು, ಇಳಿಜಾರಲ್ಲೂ ಬಿಡುವಿಲ್ಲ. ಒಂದೊಂದು ಸಲಕ್ಕೆ ಪ್ಯಾಡ್ ಒಂದು ಕೂದಲೆಳೆಯಷ್ಟು ಜಾರಿದ್ರೆ ಸಾಕು, ಗುಡ್ಡದ ಬುಡ ತಲುಪೋದರೊಳಗೆ ಹರಡಿಗೆ ಬಂದಿರತ್ತೆ.

ಯಾಕೆ ಜಾರತ್ತೆ? ಕಾಲು ಪೈಪ್ ಅಲ್ಲ, ಆಲಿಕೆ. ತೊಡೆ ಮೇಲೆ ದಪ್ಪ, ಮಂಡಿ ಹತ್ರ ಸಣ್ಣ. ಆಲಿಕೆಗೆ ರಬ್ಬರ್‌ಬ್ಯಾಂಡ್ ಹಾಕಿದ್ರೆ ಅದು ತನ್ನ ಬಿಗಿತದಿಂದಲೇ ಸಣ್ಣ ಕಡೆಗೆ ಜಾರತ್ತೆ, ಜಾಸ್ತಿ ಬಿಗಿ ಮಾಡಿದ್ರೆ ಜಾಸ್ತಿ ಎಳೆಯತ್ತೆ. ಅದಕ್ಕೇ ತೊಡೆಯ ಪಟ್ಟಿನ ಎಷ್ಟು ಬಿಗಿದ್ರೂ ಪೂರ್ತಿ ನಿಲ್ಲಲ್ಲ. ನಿಲ್ಲೋ ಜಾಗ ಒಂದಿದೆ, ಮಂಡಿ ಕೆಳಗೆ ಮೀನಖಂಡ ಉಬ್ಬೋಕೆ ಮುಂಚೆ ಒಂದು ತಗ್ಗು ಸಿಗತ್ತಲ್ಲ, ಅಲ್ಲಿ. ಆ ತಗ್ಗಲ್ಲಿ ಕೂತ ಪಟ್ಟಿ ಕೆಳಗೆ ಇಳಿಯೋಕೆ ಮೀನಖಂಡ ಬಿಡಲ್ಲ, ಉಡದಾರ ಸೊಂಟದ ಮೇಲೆ ನಿಂತ ಹಾಗೆ ನಿಲ್ಲತ್ತೆ. ಪ್ಯಾಡ್ ಕೊಳ್ಳುವಾಗ ನಾನು ಮೊದಲು ನೋಡೋದು ಈ ಪಟ್ಟಿ ಇದೆಯಾ, ನನ್ನ ತಗ್ಗಿಗೇ ಸರಿಯಾಗಿ ಬರತ್ತಾ ಅಂತ. ಹುಡುಗನಿಗೆ ಕೊಡಿಸಿದ್ರಲ್ಲಿ ಪಟ್ಟಿ ಇತ್ತು, ಆದ್ರೆ ಎರಡು ಬೆರಳು ಕೆಳಗೆ, ಮೀನಖಂಡದ ದಿಬ್ಬದ ಮೇಲೇ ಬರ್ತಿತ್ತು, ಅಲ್ಲಿಂದ ಅದಕ್ಕೆ ಇಳಿಜಾರೇ ದಾರಿ.

ಒಂದು ಎಚ್ಚರಿಕೆ, ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ. ಅದೇ ತಗ್ಗಿನ ಹೊರಮಗ್ಗುಲಲ್ಲಿ ಒಂದು ಸಣ್ಣ ಮೂಳೆ ಗಂಟು ಕೈಗೆ ಸಿಗತ್ತೆ, ಅದರ ಸ್ವಲ್ಪ ಕೆಳಗೆ ಮೂಳೆಯ ಕತ್ತಿನ ಸುತ್ತ ಪೆರೋನಿಯಲ್ ಅನ್ನೋ ನರ ಚರ್ಮದ ಅಡಿಯಲ್ಲೇ ಹಾದು ಹೋಗತ್ತೆ, ಪಾದವನ್ನ ಮೇಲಕ್ಕೆ ಎತ್ತೋ ಸ್ನಾಯುಗಳನ್ನ ನಡೆಸೋ ನರ ಅದು. ಪಟ್ಟಿ ಅದನ್ನ ತುಂಬ ಹೊತ್ತು ಒತ್ತಿದ್ರೆ ಪಾದದ ಮೇಲ್ಭಾಗ ಜೋಮು ಹಿಡಿಯತ್ತೆ, ಇನ್ನೂ ಅತಿಯಾದ್ರೆ ಪಾದ ಎತ್ತೋಕೇ ಆಗದ ಹಾಗೆ ಆಗಬಹುದು. ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು. ಜೋಮು ಅನ್ಸಿದ ಕೂಡಲೇ ಇಳಿದು ಸಡಿಲ ಮಾಡಿ, ಆಮೇಲೆ ನೋಡೋಣ ಅನ್ಬೇಡಿ.

ಹುಡುಗನ ಗಾಯ ತೊಳೆದು ಮನೆಗೆ ಕರ್ಕೊಂಡು ಹೋದಾಗ ಅವರಮ್ಮ ಮೊದಲು ಕಾಲು ನೋಡಿದ್ರು, ಆಮೇಲೆ ಪ್ಯಾಡ್ ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡಿದ್ರು. ಅವರು ಮನೇಲೇ ಬ್ಲೌಸ್ ಹೊಲೀತಾರೆ. "ಅಳತಿ ತಗೊಂಡಿದ್ರೇನ್ರಿ ಅಣ್ಣಾರ?" ಅಂದ್ರು. ಇಲ್ಲ ಅಂದೆ. ಮಷೀನ್ ಡ್ರಾದಿಂದ ಟೇಪ್ ತೆಗೆದು ಮಗನ್ನ ಸ್ಟೂಲ್ ಮೇಲೆ ಕೂಡ್ಸಿದ್ರು, ನಾನು ಕಾಲು ನೀಟಾಗಿ ಚಾಚೋ ಅಂತಿದ್ರೆ ಅವರು "ಬ್ಯಾಡ್ರೀ, ಮಡಚಿ ಅಳೀಬೇಕು, ತೋಳಿನ ಅಳತಿ ನಾ ಮೊಣಕೈ ಮಡಚಿನ ತಗೋತೀನಿ, ಇಲ್ಲಂದ್ರ ಕೈ ಎತ್ತಿದ್ರ ಹೊಲಿಗಿ ಬಿಚ್ಚತೈತಿ" ಅಂದ್ರು. ನಾನು ಇಷ್ಟು ವರ್ಷ ಪ್ಯಾಡ್ ಹಾಕ್ಕೊಂಡು ಬಿದ್ದು ಎದ್ದಿದ್ದೀನಿ, ಈ ಮಾತು ನನಗೆ ಹೊಳೆದೇ ಇರಲಿಲ್ಲ. ಮಂಡಿಚಿಪ್ಪಿನ ಮಧ್ಯದಿಂದ 10 ಸೆಂಟಿಮೀಟರ್ ಮೇಲೆ ಒಂದು, 10 ಕೆಳಗೆ ಒಂದು ಪೆನ್ನಿನ ಗುರುತು ಹಾಕಿದ್ವಿ, ಕಾಲು ಚಾಚಿದಾಗ ಮಧ್ಯೆ 20, ಪೆಡಲ್ ಮೇಲಿದ್ದಾಗಿನ ಹಾಗೆ ಮಡಚಿಸಿ ಅಳೆದ್ರೆ 24. ಮುಂದಿನ ಚರ್ಮ ಹಿಗ್ಗತ್ತೆ, ಹಿಂದ್ಗಡೆ ಮಡಿಕೆ ಬೀಳತ್ತೆ. ಅಂದ್ರೆ ಒಂದೊಂದು ಸುತ್ತಿಗೂ ಕಾಲು ಪ್ಯಾಡನ್ನ 4 ಸೆಂಟಿಮೀಟರ್ ಎಳೀತಾ ಇದೆ, ಬಟ್ಟೆ ತಾನು ಹಿಗ್ಗದಿದ್ರೆ ಒಂದು ತುದಿ ಜಾರಲೇಬೇಕು, ಬೇರೆ ದಾರಿ ಎಲ್ಲಿದೆ.

ಅದಕ್ಕೆ ಮಂಡಿಯಲ್ಲಿ ಮೊದಲೇ ಬಾಗಿಸಿ ಹೊಲಿದಿರೋ ಪ್ಯಾಡ್ ಹುಡುಕಿ, ಮೇಜಿನ ಮೇಲಿಟ್ರೆ ನೆಟ್ಟಗೆ ಮಲಗದೆ ಬಾಳೆಕಾಯಿ ಥರ ಬಾಗಿರತ್ತೆ. ಇಲ್ಲಾ ಮಂಡಿಗೆ ಮುಚ್ಚೋ ಪ್ಲಾಸ್ಟಿಕ್ ಚಿಪ್ಪು ಬೇರೆ, ಕಣಕಾಲಿನದು ಬೇರೆ ಇದ್ದು ಮಧ್ಯೆ ಕೀಲು ಇರೋದು. ಅಳತೆ ಮೂರು ಬೇಕು: ಮೇಲಿನ ಗುರುತಲ್ಲಿ ತೊಡೆಯ ಸುತ್ತಳತೆ, ಮೀನಖಂಡದ ಅತಿ ದಪ್ಪ ಜಾಗದ ಸುತ್ತಳತೆ, ಮಂಡಿಚಿಪ್ಪಿನಿಂದ ಹರಡಿನವರೆಗಿನ ಉದ್ದ. ಈ ಕೊನೇದನ್ನ ಯಾರೂ ಅಳೆಯಲ್ಲ, ಆದ್ರೆ ಉದ್ದ ಜಾಸ್ತಿಯಾದ್ರೆ ಪಾದ ಮೇಲೆ ಬಂದಾಗಲೆಲ್ಲ ಚಿಪ್ಪಿನ ಕೆಳತುದಿ ಪಾದಕ್ಕೆ ತಾಗಿ ಇಡೀ ಪ್ಯಾಡನ್ನ ಮೇಲೆ ನೂಕತ್ತೆ. ಸಂಜೆ ಹೊತ್ತು ಅಳೀರಿ, ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರತ್ತೆ.

ಅಂಗಡೀಲಿ ಹಾಕ್ಕೊಂಡು ಕನ್ನಡಿ ನೋಡಿದ್ರೆ ಏನೂ ಗೊತ್ತಾಗಲ್ಲ. 20 ಬಸ್ಕಿ ಹೊಡೀರಿ, ಎರಡು ಮಹಡಿ ಮೆಟ್ಟಿಲು ಹತ್ತಿ ಇಳೀರಿ, ಮಂಡಿ ಊರಿ ನೆಲದ ಮೇಲೆ ನಾಲ್ಕು ಹೆಜ್ಜೆ ಅಂಬೆಗಾಲಿಡಿ. ಆಮೇಲೆ ಎರಡೂ ಕೈಲಿ ಹಿಡಿದು ಕೆಳಕ್ಕೆ ಎಳೀರಿ, ಪಕ್ಕಕ್ಕೆ ತಿರುಚಿ. ಒಂದು ಬೆರಳಗಲಕ್ಕಿಂತ ಜಾಸ್ತಿ ಅಲುಗಿದ್ರೆ ಅದು ನಿಮ್ಮ ಕಾಲಿಂದಲ್ಲ.

ಹುಡುಗನ ಅಪ್ಪ ಮನೇಲಿದ್ದ ಕ್ರಿಕೆಟ್ ಪ್ಯಾಡ್ ಕಟ್ಕೊಂಡು ಹೋಗಲಿ ಅಂದ್ರು. ಅದು ಮುಂದಿನಿಂದ ಬರೋ ಚೆಂಡಿಗೆ ಮಾಡಿದ್ದು, ಹಿಂದೆ ಬರೀ ಪಟ್ಟಿ, ಮೀನಖಂಡ ಪೂರ್ತಿ ಬಯಲು, ಅಗಲ ಬೇರೆ ಜಾಸ್ತಿ. ಒಂಟಿಚಕ್ರದಲ್ಲಿ ಎರಡು ಕಾಲಿನ ಮಧ್ಯೆಯೇ ಕ್ರ್ಯಾಂಕು ತಿರುಗ್ತಿರತ್ತೆ, ಒಳಮಗ್ಗುಲಲ್ಲಿ ದಪ್ಪ ಇದ್ರೆ ಉಜ್ಜತ್ತೆ, ಜೋತು ಬಿದ್ದ ಪಟ್ಟಿ ಸಿಕ್ಕಿಹಾಕ್ಕೊಂಡ್ರೆ ಮುಗೀತು. ಫುಟ್‌ಬಾಲ್ ಶಿನ್‌ಗಾರ್ಡ್ ಕಣಕಾಲಿನ ಮಟ್ಟಿಗೆ ಪರವಾಗಿಲ್ಲ, ಕಲಿಯೋ ದಿನಗಳಲ್ಲಿ ಉದ್ದ ಕಾಲ್ಚೀಲದೊಳಗೆ ಹಾಕ್ಕೊಂಡ್ರೆ ನಡೆಯತ್ತೆ. ಗುಡ್ಡಕ್ಕೆ ಹೋಗೋದಾದ್ರೆ ಯೂನಿಸೈಕಲ್‌ಗೆ ಅಂತ್ಲೇ ಮಾಡಿದ ಲೆಗ್ ಆರ್ಮರ್ ಸಿಕ್ಕರೆ ಅದೇ ಒಳ್ಳೇದು, ಸಿಗದಿದ್ರೆ ಮೌಂಟನ್ ಬೈಕಿನವರ ಮಂಡಿ-ಕಣಕಾಲು ಒಟ್ಟಿಗೆ ಮುಚ್ಚೋ ಪ್ಯಾಡ್, ಹಿಂದ್ಗಡೆಗೆ ದಪ್ಪ ಬಟ್ಟೆ ಇರೋದು. ಮಂಡಿಯ ಹಿಂಭಾಗ ಮಾತ್ರ ತೆರೆದಿರಲಿ ಇಲ್ಲಾ ಜಾಲರಿ ಇರಲಿ, ಪುಣೆಯ ಏಪ್ರಿಲ್ ಬಿಸಿಲಲ್ಲಿ ನಿಯೋಪ್ರೀನ್ ಅನ್ನೋ ರಬ್ಬರ್ ಬಟ್ಟೆ ಒಳಗೆ ಬೆವರು ನಿಂತು ಆ ಮಡಿಕೆಯ ಚರ್ಮ ಕಿತ್ತು ಬರತ್ತೆ. ಒಗೆಯುವಾಗ ವೆಲ್ಕ್ರೋ ಮುಚ್ಚಿಡಿ. ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ ನಾಯಿಯ ಮೈಗೆ ಅಂಟಿದ ಮುಳ್ಳುಕಾಯಿ ನೋಡಿ ಅದನ್ನ ಕಂಡುಹಿಡಿದದ್ದು, ನಮ್ಮ ಉತ್ತರಾಣಿ ಪಂಚೆಗೆ ಅಂಟೋದೂ ಹೆಚ್ಚುಕಮ್ಮಿ ಹಾಗೇ, ಆ ಕೊಕ್ಕೆಗಳಲ್ಲಿ ನೂಲು ತುಂಬಿಕೊಂಡ್ರೆ ಹಿಡಿತ ಹೋಯ್ತು.

ಕೊನೆಗೆ ಹುಡುಗನಿಗೆ ಬಂದದ್ದು ಎಸ್ ಸೈಜ್. ಉದ್ದ ಸರಿ ಇತ್ತು, ತಗ್ಗಿನ ಪಟ್ಟಿ ಮಾತ್ರ ಒಂದು ಬೆರಳು ಕೆಳಗೆ ಬರ್ತಿತ್ತು, ಅವರಮ್ಮನೇ ಬಿಚ್ಚಿ ಮೇಲೆ ಹೊಲಿದು ಕೊಟ್ರು, ಮಷೀನಿಗೆ ದಪ್ಪ ಸೂಜಿ ಹಾಕಿ, ಚಿಪ್ಪಿನ ಭಾಗ ಮುಟ್ಟದೆ ಬರೀ ಪಟ್ಟಿ. ಮುಂದಿನ ಭಾನುವಾರ ಮುರುಮಿನ ಇಳಿಜಾರಲ್ಲಿ ಮತ್ತೆ ಕಾಲು ಜಾರಿತು, ಪೆಡಲ್ ಬಂದು ಬಡಿದ ಟಕ್ ಅನ್ನೋ ಸದ್ದು ಮುಂದಿದ್ದ ನನಗೂ ಕೇಳಿಸ್ತು, ಅವನು ಎದ್ದು ಚಿಪ್ಪಿನ ಮೇಲಿನ ಬಿಳೀ ಗೀರು ಸವರಿ ನೋಡ್ಕೊಂಡು ಮತ್ತೆ ಹತ್ತಿದ. ದೀಪಾವಳಿ ಹೊತ್ತಿಗೆ ಮತ್ತೆ ಟೇಪ್ ಹಿಡೀಬೇಕು, ಈ ವಯಸ್ಸಲ್ಲಿ ಕಾಲು ಆರು ತಿಂಗಳಿಗೆ ಒಂದು ಸೈಜ್ ದಾಟಿಬಿಡತ್ತೆ.