ಝೀರೋ ಫಿಗರ್: ಯಾವುದರ ಸೊನ್ನೆ?

ಮೊನ್ನೆ ಮುಂಬೈ ಬಳಿಯ ನಮ್ಮ ಡೊಂಬಿವಿಲಿ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಒಂದು ಮದುವೆ ಪ್ರಸ್ತಾಪ ಬಂತು. ‘ಹುಡುಗಿ ಬಿ.ಕಾಂ., ಎತ್ತರ 5 ಅಡಿ 3 ಇಂಚು, ಝೀರೋ ಫಿಗರ್.’ ಬರೆದವರು ಹುಡುಗಿಯ ಸ್ವಂತ ಸೋದರಮಾವ. ಪ್ರಸ್ತಾಪಗಳಲ್ಲಿ ಈ ‘ಝೀರೋ ಫಿಗರ್’ ನೋಡುತ್ತಿರುವುದು ಈ ವರ್ಷ ಇದು ಮೂರನೇ ಸಲ. ಇನ್ನು ಸುಮ್ನಿರೋಕೆ ಆಗಲ್ಲ.

ಝೀರೋ ಫಿಗರ್ ಅಂತ ಒಂದು ಮೈಕಟ್ಟೇ ಇಲ್ಲ. ಇರುವುದು ಸೈಜ್ ಝೀರೋ. ಅದು ಅಮೆರಿಕದ ಬಟ್ಟೆ ಅಂಗಡಿಯ ನಂಬರ್, ಡ್ರೆಸ್ಸಿನ ಒಳಗೆ ಹೊಲಿದ ಚೀಟಿ ಮೇಲಿರುವಂಥದ್ದು. ಅದೇ ಅಳತೆಗೆ ಬ್ರಿಟನ್‌ನಲ್ಲಿ 4 ಅಂತಾರೆ, ಫ್ರಾನ್ಸ್‌ನಲ್ಲಿ 32. ಮಾವ ಪ್ಯಾರಿಸ್‌ನಲ್ಲಿದ್ದಿದ್ದರೆ ‘ಮೂವತ್ತೆರಡು ಫಿಗರ್’ ಅಂತ ಬರೀತಿದ್ದರೇನೋ.

ಸೊನ್ನೆ ಹುಟ್ಟಿದ್ದೂ ಯಾರೋ ಸಣ್ಣಗಾದದ್ದರಿಂದ ಅಲ್ಲ. 1958ರಲ್ಲಿ ಅಮೆರಿಕ ಸರ್ಕಾರ ಹೆಂಗಸರ ಉಡುಪಿನ ಅಳತೆಗೆ ಒಂದು ಪಟ್ಟಿ ಮಾಡಿತು. ಅದು ಶುರುವಾಗುತ್ತಿದ್ದದ್ದೇ 8ರಿಂದ, ಹೋಗುತ್ತಿದ್ದದ್ದು 38ರ ತನಕ. 1983ರಲ್ಲಿ ಆ ಪಟ್ಟಿಯನ್ನು ಕೈಬಿಟ್ಟರು. ಅಷ್ಟರೊಳಗೆ ಕಂಪನಿಗಳಿಗೆ ಗಿರಾಕಿಯ ನಾಡಿ ಸಿಕ್ಕಿತ್ತು. 12 ಹಾಕುವವಳಿಗೆ ಅದೇ ಬಟ್ಟೆಯನ್ನು 8 ಅಂತ ಬರೆದು ಕೊಟ್ಟರೆ ಖುಷಿ, ಇನ್ನೊಂದು ಕೊಳ್ಳುತ್ತಾಳೆ. ಇದಕ್ಕೆ ವ್ಯಾನಿಟಿ ಸೈಜಿಂಗ್ ಅಂತ ಹೆಸರು. ನಂಬರ್ ಇಳಿಸುತ್ತಾ ಇಳಿಸುತ್ತಾ, ಹಳೆಯ 8ರವಳಿಗೆ ಕೊಡೋಕೆ ನಂಬರೇ ಉಳಿಯಲಿಲ್ಲ. ಆಗ ಬಂತು 0. ಅದೂ ಸಾಲದೆ 00. ಸೊನ್ನೆಗಿಂತ ಚಿಕ್ಕ ಸೊನ್ನೆ! ನಮ್ಮ ಲೆಕ್ಕದ ಮೇಷ್ಟ್ರು ಕೇಳಿದ್ದರೆ ಬೆಂಚ್ ಮೇಲೆ ನಿಲ್ಲಿಸುತ್ತಿದ್ದರು.

ಮಾಟುಂಗದ ನಮ್ಮ ಟೈಲರ್ ಪುಸ್ತಕದಲ್ಲಿ ಇನ್ನೂ ಇಂಚಿನಲ್ಲಿ 34, 29, 37 ಅಂತಲೇ ಬರೆಯುತ್ತಾರೆ. ಅವರ ಟೇಪಿನಲ್ಲಿ ಸೊನ್ನೆ ಇರುವುದು ತಗಡಿನ ತುದಿಯಲ್ಲಿ ಮಾತ್ರ. ನನ್ನ ಮಗಳಿಗೆ ಅವರ ಹೊಲಿಗೆ ಬೇಡ, ಬಾಂದ್ರಾದ ಲಿಂಕಿಂಗ್ ರೋಡೇ ಆಗಬೇಕು. ಹೋದ ತಿಂಗಳು ಅಲ್ಲಿ ಒಂದು ಅಂಗಡಿಯಲ್ಲಿ ಎಂ ಸರಿಹೋಯಿತು, ಪಕ್ಕದ ಅಂಗಡಿಯಲ್ಲಿ ಎಕ್ಸ್ಎಲ್. ಎರಡನೆಯದು ಮೈಗೆ ಚೆನ್ನಾಗಿ ಕೂತಿತ್ತು. ಚೀಟಿ ನೋಡಿ ಬಿಚ್ಚಿಟ್ಟು ಬಂದಳು. ಅವತ್ತು ರಾತ್ರಿ ಊಟಾನೂ ಬೇಡ ಅಂದಳು.

ನಮ್ಮಲ್ಲಿ ‘ಸೈಜ್ ಝೀರೋ’ ಮನೆಮಾತಾದದ್ದು 2008ರಲ್ಲಿ, ಕರೀನಾ ಕಪೂರ್ ಸಣ್ಣಗಾದಾಗ. ಪೇಪರಿನಿಂದ ಬಾಯಿಗೆ ಬರುವಷ್ಟರಲ್ಲಿ ‘ಸೈಜ್’ ಬಿದ್ದುಹೋಗಿ ‘ಫಿಗರ್’ ಅಂಟಿಕೊಂಡಿತು. (ಕಾಲೇಜು ಹುಡುಗರ ಬಾಯಲ್ಲಿ ಫಿಗರ್ ಅಂದರೆ ಏನು ಅನ್ನೋದು ಮಾವನಿಗೆ ಗೊತ್ತಿಲ್ಲ ಅಂದುಕೊಳ್ಳುತ್ತೇನೆ.) ನನಗೆ ಜಾಸ್ತಿ ಸಿಟ್ಟು ಬರುವುದು ಇಲ್ಲೇ. ಸೈಜ್ ಬಟ್ಟೆಯದು, ಫಿಗರ್ ಮೈಯದು. ಬಟ್ಟೆ ಸರಿಹೋಗದಿದ್ದರೆ ಬಟ್ಟೆ ಬದಲಿಸುತ್ತೇವೆ. ಮೈಯದು ಅಂದಕೂಡಲೇ ಉಪವಾಸ ಶುರು. ಅಗಲ ಎಲುಬಿನ ಹುಡುಗಿ ಎಷ್ಟು ಹಸಿದುಕೊಂಡರೂ ಮುಟ್ಟು ನಿಲ್ಲಬಹುದು, ಮೂಳೆ ಸವೆಯಬಹುದು, ಸೊಂಟದ ಎಲುಬಿನ ಅಗಲ ಮಾತ್ರ ಅಷ್ಟೇ ಇರುತ್ತದೆ.

ಫ್ಯಾಷನ್‌ನವರಿಗೇ ಇದು ಅತಿಯಾಯಿತು ಅನ್ನಿಸಿದ್ದುಂಟು. ಡಿಸೈನರುಗಳು ಸ್ಯಾಂಪಲ್ ಉಡುಪನ್ನು ಒಂದೇ ಚಿಕ್ಕ ಅಳತೆಗೆ ಹೊಲಿಯುತ್ತಾರೆ, ಮಾಡೆಲ್ ಅದರೊಳಗೆ ತೂರಬೇಕು. 2006ರಲ್ಲಿ ಮ್ಯಾಡ್ರಿಡ್ ಫ್ಯಾಷನ್ ಶೋದವರು ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 18ಕ್ಕಿಂತ ಕಡಿಮೆ ಇದ್ದ ಮಾಡೆಲ್‌ಗಳು ಬೇಡ ಅಂದರು. 2017ರಲ್ಲಿ ಎಲ್‌ವಿಎಂಎಚ್, ಕೆರಿಂಗ್ ಎಂಬ ಎರಡು ದೊಡ್ಡ ಫ್ರೆಂಚ್ ಕಂಪನಿಗಳು ಸೈಜ್ 32ರ ಹೆಂಗಸರು ಮಾಡೆಲಿಂಗ್‌ಗೆ ಇನ್ನು ಬೇಡ ಎಂದು ತೀರ್ಮಾನಿಸಿದವು. ಮಾವ ಹೊಗಳಿಕೆ ಅಂದುಕೊಂಡು ಹಾಕಿದ ಅದೇ ನಂಬರ್.

ತೆಳ್ಳಗೆ ಅನ್ನಿ, ಕರಾವಳಿಯವರಾದರೆ ಸಪೂರ ಅನ್ನಿ, ಪದಗಳಿಗೇನು ಬರವೇ? ಗುಂಪಿನಲ್ಲಿ ಹಾಗೇ ಬರೆದೆ. ಮಾವ ಹೆಬ್ಬೆರಳು ಎತ್ತಿದರು. ಮರುದಿನ ತಿದ್ದಿದ ಪ್ರಸ್ತಾಪ ಬಂತು: ‘ಸಪೂರ, ಝೀರೋ ಸೈಜ್.’