ನೋಟ ಬೆನ್ನಿಗೆ ತಾಗುತ್ತಾ?

ಮೆಟ್ರೋದಲ್ಲಿ ನಿಂತಿರುತ್ತೇವೆ. ಹಿಂದಿನಿಂದ ಯಾರೋ ದಿಟ್ಟಿಸುತ್ತಿದ್ದಾರೆ ಅನ್ನಿಸುತ್ತದೆ. ತಿರುಗಿದರೆ ಒಬ್ಬರು ನಮ್ಮನ್ನೇ ನೋಡುತ್ತಿರುತ್ತಾರೆ! 'ನೋಡಿದ್ರಾ, ನೋಟ ತಾಗಿತು' ಅಂತ ಓದಿದವರೂ ಹೇಳುತ್ತಾರೆ. ನನಗಂತೂ ಇದನ್ನು ಕೇಳಿ ಸುಮ್ನಿರಲು ಆಗುವುದಿಲ್ಲ. ಕಣ್ಣಿನಿಂದ ಏನೂ ಹೊರಗೆ ಹೋಗುವುದಿಲ್ಲ. ಮತ್ತೆ ತಾಗುವುದೇನು?

ನಂಬಿಕೆ ತುಂಬಾ ಹಳೆಯದು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂದು ಗ್ರೀಸಿನ ಯೂಕ್ಲಿಡ್ ಬರೆದ. ನಮ್ಮ ನ್ಯಾಯ ದರ್ಶನದವರೂ ಹಾಗೇ ಹೇಳಿದರು. ಸಾವಿರ ವರ್ಷದ ಹಿಂದೆ ಅರಬ್ ವಿಜ್ಞಾನಿ ಇಬ್ನ್ ಅಲ್-ಹೈತಮ್ ಇದನ್ನು ಅಲ್ಲಗಳೆದ. ಸೂರ್ಯನನ್ನು ನೋಡಿದರೆ ಕಣ್ಣು ನೋಯುತ್ತದಲ್ವಾ? ಅಂದರೆ ಬೆಳಕು ಹೊರಗಿನಿಂದ ಒಳಗೆ ಬರುತ್ತಿದೆ.

ಹಾಗಾದರೆ ಆ ಅಪರಿಚಿತರು ಏಕೆ ನೋಡುತ್ತಿದ್ದರು? ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟಿಚನರ್ 1898ರಲ್ಲೇ ಇದನ್ನು ಬಿಡಿಸಿ ಹೇಳಿದ್ದ. ಬೆನ್ನ ಹಿಂದೆ ಜನ ಇದ್ದರೆ ನಮಗೆ ಒಂಥರಾ ಕಸಿವಿಸಿ. ಕೂದಲು ಸರಿಮಾಡಿಕೊಳ್ಳುತ್ತೇವೆ, ಕತ್ತು ತಿರುಗಿಸುತ್ತೇವೆ. ಅಲುಗಾಡಿದ್ದರ ಕಡೆಗೆ ಎಲ್ಲರ ಕಣ್ಣೂ ತಾನಾಗಿ ಹೋಗುತ್ತದೆ. ಮೊದಲು ತಿರುಗಿದ್ದು ನಾವು, ಆಮೇಲೆ ನೋಡಿದ್ದು ಅವರು. ನೋಟ ಗೊತ್ತಾಗುತ್ತದೆ ಎನ್ನುವವರನ್ನೇ ಕೂರಿಸಿ ಅವನು ಪರೀಕ್ಷೆ ಮಾಡಿದ. ಯಾರಿಗೂ ಗೊತ್ತಾಗಲಿಲ್ಲ. ತಿರುಗಿದಾಗ ಯಾರೂ ನೋಡದೇ ಇದ್ದದ್ದು ನಮಗೆ ನೆನಪೇ ಇರುವುದಿಲ್ಲ.

ಸುರಂಗದಲ್ಲಿ ಇನ್ನೊಂದು ಕಾರಣವೂ ಇದೆ, ನನಗೆ ಬಹಳ ಇಷ್ಟವಾದದ್ದು. ನಮ್ಮ ಮೆಟ್ರೋ ಎಂಜಿ ರಸ್ತೆ ಬಿಟ್ಟು ಕಬ್ಬನ್ ಪಾರ್ಕ್ ಕಡೆಗೆ ನೆಲದೊಳಗೆ ಇಳಿಯುವಾಗ ಕಿಟಕಿಯನ್ನೇ ನೋಡಿ. ಮರ, ಕಟ್ಟಡ ಮಾಯವಾಗಿ ಗಾಜಿನಲ್ಲಿ ಬೋಗಿಯ ಮುಖಗಳೆಲ್ಲ ಮೂಡುತ್ತವೆ. ಗಾಜಿನ ಒಂದೊಂದು ಮೈಯೂ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಒಂದು ಹಾಳೆಗೆ ಎರಡು ಮೈ, ಸುಮಾರು ಶೇ. 8. ಮೇಲೆ ಓಡುವಾಗಲೂ ಇಷ್ಟೇ ಬರುತ್ತಿತ್ತು. ಆದರೆ ಹಗಲಲ್ಲಿ ನಕ್ಷತ್ರ ಕಾಣದ ಹಾಗೆ, ಹೊರಗಿನ ಬಿಸಿಲಿನಲ್ಲಿ ಅದು ಮುಳುಗಿಹೋಗಿತ್ತು. ಸುರಂಗದ ಕತ್ತಲಿಗೆ ಅಷ್ಟೇ ಬೆಳಕು ಸಾಕು.

ಮನುಷ್ಯರ ಕಣ್ಣಿನ ಬಿಳಿ ಭಾಗ ಚೆನ್ನಾಗಿ ಕಾಣುತ್ತದೆ. ಯಾರು ಎತ್ತ ನೋಡುತ್ತಿದ್ದಾರೆ ಎಂದು ಗಾಜಿನಲ್ಲೂ ತಿಳಿಯುತ್ತದೆ. ಕಣ್ಣಂಚಿಗೆ ಬಿದ್ದ ಆ ಪ್ರತಿಬಿಂಬವನ್ನು ನಾವು ಗಮನಿಸಿರುವುದಿಲ್ಲ, ಆದರೂ ತಿರುಗುತ್ತೇವೆ. ಕದ್ದು ನೋಡಲು ಗಾಜು ಒಳ್ಳೆಯದು ಅಂದುಕೊಂಡವರೂ ತಿಳಿದಿರಲಿ: ಬೆಳಕು ಬಂದ ದಾರಿಯಲ್ಲೇ ವಾಪಸ್ ಹೋಗಬಲ್ಲದು. ಅವರ ಕಣ್ಣು ನಿಮಗೆ ಕಂಡರೆ ನಿಮ್ಮದೂ ಅವರಿಗೆ ಕಾಣುತ್ತದೆ.

ಅನುಮಾನವಿದ್ದರೆ ಮನೆಯಲ್ಲೇ ಪರೀಕ್ಷಿಸಿ. ಗೆಳೆಯರೊಬ್ಬರು ಹಿಂದೆ ಕೂತು ನಾಣ್ಯ ಚಿಮ್ಮಲಿ. ತಲೆ ಬಿದ್ದರೆ ನಿಮ್ಮನ್ನು ನೋಡಲಿ, ಇಲ್ಲದಿದ್ದರೆ ಬೇಡ. ನೀವು ಪ್ರತಿ ಸಲ ಊಹಿಸಿ, ಬರೆದಿಡಿ. ಎದುರಿಗೆ ಕನ್ನಡಿ, ಕಿಟಕಿ, ಆರಿಸಿದ ಟಿವಿ ಯಾವುದೂ ಇರಬಾರದು.