ಶಬ್ದಮಾಪಕದ ಅಂಕಿಯನ್ನು ಓದುವ ಬಗೆ

ರಾತ್ರಿ ಹನ್ನೊಂದಕ್ಕೆ ಪಕ್ಕದ ಬೀದಿಯ ಧ್ವನಿವರ್ಧಕದಿಂದ ನಿದ್ದೆಗೆಟ್ಟವರು ಮೊಬೈಲ್ ತೆರೆದು ‘85 ಡೆಸಿಬೆಲ್’ ಎಂದು ತೋರಿಸುತ್ತಾರೆ. ಅವರ ಸಂಕಟ ನಿಜ. ಆದರೆ ಎಲ್ಲಿ ನಿಂತು, ಎಷ್ಟು ಹೊತ್ತು, ಯಾವ ಉಪಕರಣದಿಂದ ಅಳೆದರು ಎಂಬುದು ತಿಳಿಯದೆ ಆ ಅಂಕಿಯನ್ನು ನಿಯಮದ ಪಕ್ಕದಲ್ಲಿಟ್ಟು ನೋಡಲಾಗದು.

2000ದ ಶಬ್ದ ಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ರಾತ್ರಿಯೆಂದರೆ 10ರಿಂದ ಬೆಳಿಗ್ಗೆ 6. ಸಾರ್ವಜನಿಕ ಸ್ಥಳದ ಧ್ವನಿವರ್ಧಕಕ್ಕೆ ಆ ಸ್ಥಳದ ಗಡಿಯಲ್ಲಿ ಪ್ರದೇಶದ ಮಿತಿಗಿಂತ 10 ಹೆಚ್ಚು ಅಥವಾ 75, ಇವೆರಡರಲ್ಲಿ ಕಡಿಮೆಯದು ಅನ್ವಯಿಸುತ್ತದೆ. ಬರೀ 75 ಎಂದು ಬಾಯಿಪಾಠ ಮಾಡಬೇಡಿ. ವಸತಿ ಪ್ರದೇಶದಲ್ಲಿ ಧ್ವನಿವರ್ಧಕಕ್ಕೆ ಹಗಲಿನ ಮಿತಿ 65.

ನಾನು ಹೆಚ್ಚು ಹೊತ್ತು ತಡಕಾಡಿದ್ದು ಸರಾಸರಿಯಲ್ಲಿ. ಈ ಮಿತಿಗಳು ಕ್ಷಣದ ಗರಿಷ್ಠಕ್ಕಲ್ಲ, ಒಂದು ಅವಧಿಯ ಶಕ್ತಿ ಸರಾಸರಿಗೆ, ಅಂದರೆ ಎಲ್‌ಇಕ್ಯೂಗೆ. ಒಂಬತ್ತು ನಿಮಿಷ 55, ಒಂದು ನಿಮಿಷ 85 ಇತ್ತೆನ್ನಿ. ಕೂಡಿಸಿ ಹತ್ತರಿಂದ ಭಾಗಿಸಿದರೆ 58 ಬರುತ್ತದೆ. ಅದು ತಪ್ಪು. ಡೆಸಿಬೆಲ್ ಲಾಗರಿದಮ್ ಅಳತೆಯಾದ್ದರಿಂದ 30 ಡೆಸಿಬೆಲ್ ಏರಿದರೆ ಶಕ್ತಿ ಸಾವಿರ ಪಟ್ಟಾಗುತ್ತದೆ. ಶಕ್ತಿಗೆ ಪರಿವರ್ತಿಸಿ ಸರಾಸರಿ ತೆಗೆದರೆ ಉತ್ತರ ಸುಮಾರು 75. ಆ ಒಂದೇ ನಿಮಿಷ ಹತ್ತೂ ನಿಮಿಷಗಳನ್ನು ನುಂಗಿಬಿಟ್ಟಿದೆ! ಸಾಮಾನ್ಯ ಸರಾಸರಿ ತೆಗೆಯುವವರು ದೂರುದಾರರಿಗೆ ಅನ್ಯಾಯ ಮಾಡುತ್ತಾರೆ.

ಹಿನ್ನೆಲೆ ಶಬ್ದವನ್ನೂ ಮರೆಯಬಾರದು. ಧ್ವನಿವರ್ಧಕ ನಡೆಯುವಾಗ 58, ನಿಲ್ಲಿಸಿದಾಗ 55 ಬಂದರೆ, ಧ್ವನಿವರ್ಧಕದ ಪಾಲು 3 ಅಲ್ಲ, ಸುಮಾರು 55. ಅಷ್ಟೇ ಶಕ್ತಿಯ ರಸ್ತೆಯ ಸದ್ದೂ ಸೇರಿ 58 ಆಗಿದೆ. ಒಟ್ಟು ಅಂಕಿ ಹಿನ್ನೆಲೆಗಿಂತ 10 ಹೆಚ್ಚಿದ್ದರೆ, ಹಿನ್ನೆಲೆಯನ್ನು ಕಳೆಯುವ ಈ ತಿದ್ದುಪಡಿ ಲೆಕ್ಕಕ್ಕಿಲ್ಲದಷ್ಟು ಸಣ್ಣದು.

ಅಳೆಯುವ ಮುನ್ನ ಮತ್ತು ನಂತರ ಕ್ಯಾಲಿಬ್ರೇಟರ್, ಅಂದರೆ ಗೊತ್ತಾದ ಮಟ್ಟದ (ಸಾಮಾನ್ಯವಾಗಿ 94 ಡೆಸಿಬೆಲ್) ಸದ್ದು ಹೊರಡಿಸುವ ಸಾಧನ ಇಟ್ಟು ಉಪಕರಣವನ್ನು ಪರೀಕ್ಷಿಸಿ. ಗೋಡೆಗೆ ಅಂಟಿಕೊಂಡು ನಿಲ್ಲಬೇಡಿ. ಪ್ರತಿಫಲನದಿಂದ ಅಂಕಿ ಏರುತ್ತದೆ. ಮೈಕಿಗೆ ಗಾಳಿತಡೆ ಹಾಕಿ.

ಇನ್ನು ಆ ಹನ್ನೊಂದು ಗಂಟೆಯ ಬೀದಿಗೆ ಬರೋಣ. ರಾತ್ರಿ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದೇ ನಿಷಿದ್ಧ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಅನುಮತಿ ಕೊಡಬಹುದು. ಅಂಥ ಅನುಮತಿ ಇಲ್ಲದಿದ್ದರೆ, ನಿದ್ದೆಗೆಟ್ಟವರು ಡೆಸಿಬೆಲ್ ಲೆಕ್ಕ ಒಪ್ಪಿಸದೆಯೇ ದೂರು ಕೊಡಬಹುದು.